ಹಿತ್ತಲ ಕೋಳಿಗೆ ಏಟಾದಾಗ, ಕಾಯಿಲೆಯಾದಾಗ: ಮನೆಮದ್ದು ಎಲ್ಲಿವರೆಗೆ, ಡಾಕ್ಟರ್ ಯಾವಾಗ

ಬೆಳಗ್ಗೆ ಆರಕ್ಕೆ ಗೂಡಿನ ಬಾಗಿಲು ತೆಗೆದ ಕೂಡಲೇ ನಮ್ಮ ಮನೆಯ ಐದು ಹೇಂಟೆಗಳೂ ಒಂದರ ಮೇಲೊಂದು ಬಿದ್ದು ಹೊರಗೆ ಬರುತ್ತಿದ್ದವು. ಒಂದು ದಿನ ನಾಲ್ಕೇ ಬಂದವು. ಐದನೆಯದು ಅಡ್ಡಕೋಲಿನ ಮೇಲೇ ಕೂತಿತ್ತು. ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು. ನಿನ್ನೆ ಸಂಜೆ ಚೆನ್ನಾಗೇ ತಿಂದಿತ್ತಲ್ಲ, ಸುಮ್ನೆ ಸೋಮಾರಿತನ ಅಂದುಕೊಂಡು ನಾನು ಆಫೀಸಿಗೆ ಹೊರಟೆ. ಮಧ್ಯಾಹ್ನ ಅತ್ತೆ ಫೋನ್ ಮಾಡಿದರು. ಕೋಳಿ ಹೋಗಿತ್ತು.

ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಸೊರಗಿದೆ ಅಂತ ಗೊತ್ತಾದರೆ ಗುಂಪಿನ ಉಳಿದವೇ ಅದನ್ನು ಕುಕ್ಕಿ ಹಿಂಸೆ ಮಾಡುತ್ತವೆ. ಹಾಗಾಗಿ ನಿಲ್ಲೋಕೆ ಆಗುವವರೆಗೂ ನಿಂತೇ ಇರುತ್ತದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಅರ್ಧ ದಾರಿ ದಾಟಿರುತ್ತದೆ.

ಬೆಂಗಳೂರಿನಲ್ಲಿ ಥರ್ಟಿ-ಫಾರ್ಟಿ ಸೈಟಿನ ಹಿತ್ತಲಲ್ಲೋ, ತಾರಸಿ ಮೇಲೋ ನಾಲ್ಕೈದು ನಾಟಿ ಕೋಳಿ ಅಥವಾ ಗಿರಿರಾಜ ಸಾಕುವವರು ಈಗ ಜಾಸ್ತಿ. ಕೋಳಿ ನೋಡುವ ಡಾಕ್ಟರ್ ಮಾತ್ರ ಹತ್ತಿರ ಸಿಗುವುದು ಕಷ್ಟ. ನಮ್ಮ ಬಡಾವಣೆಯ ನಾಯಿ-ಬೆಕ್ಕಿನ ಕ್ಲಿನಿಕ್ ಒಂದರಲ್ಲಿ ನನ್ನ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆ ನೋಡಿ, "ಕೋಳಿಗಾ? ಸಾರು ಮಾಡ್ಬಿಡಿ ಮೇಡಂ" ಅಂದಿದ್ದರು. ಅವತ್ತಿನಿಂದ ನಾನೇ ಕಲಿತೆ. ಕೆಲವನ್ನು ಕೋಳಿ ಕಳೆದುಕೊಂಡೇ ಕಲಿತೆ. ಈಗ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಮೈ ಮೇಲಿನದಕ್ಕೆ ಅಡುಗೆಮನೆ, ಮೈ ಒಳಗಿನದಕ್ಕೆ ಡಾಕ್ಟರ್. ಡಾಕ್ಟರ್ ಸಿಗುವವರೆಗೆ ಕೋಳಿಯನ್ನು ಜೀವಂತ ಇಟ್ಟುಕೊಳ್ಳುವುದು ನಮ್ಮ ಕೆಲಸ.

ದಿನಾ ಎರಡು ನಿಮಿಷ ನೋಡಿ

ಬೆಳಗ್ಗೆ ಕಾಳು ಹಾಕುವಾಗ ಯಾರು ಓಡಿ ಬಂದರು, ಯಾರು ಹಿಂದೆ ಉಳಿದರು ನೋಡಿ. ಜುಟ್ಟು ಕೆಂಪಗೆ ಇರಬೇಕು. ಬಿಳಿಚಿಕೊಂಡರೆ ರಕ್ತ ಕಡಿಮೆ, ಅಂದರೆ ಹೇನೋ ಜಂತುಹುಳವೋ ಇರಬಹುದು. ನೀಲಿಗೆ ತಿರುಗಿದರೆ ಉಸಿರಿನ ತೊಂದರೆ. ಬಾಲ ಕೆಳಗೆ ಬಿಟ್ಟು ಕುತ್ತಿಗೆ ಮೈಯೊಳಗೆ ಎಳೆದುಕೊಂಡು ನಿಂತಿದ್ದರೆ ಅವತ್ತೇ ಕೈಗೆತ್ತಿಕೊಳ್ಳಿ.

ಹಿಕ್ಕೆಯನ್ನೂ ನೋಡಬೇಕು. ಕಂದು ಅಥವಾ ಬೂದು ಬಣ್ಣ, ಮೇಲೆ ಬಿಳಿ ಟೋಪಿ, ಇದು ಸರಿಯಾದ ಹಿಕ್ಕೆ. ಎಂಟು-ಹತ್ತು ಸಲಕ್ಕೊಮ್ಮೆ ಜಿಗುಟಾಗಿ, ಕಪ್ಪು ಬೆಲ್ಲದ ಪಾಕದ ಥರ, ಕೆಟ್ಟ ವಾಸನೆಯದ್ದು ಬರುತ್ತದೆ. ಹೊಸಬರು ಅದನ್ನೇ ಭೇದಿ ಅಂದುಕೊಂಡು ಗಾಬರಿಯಾಗುತ್ತಾರೆ. ಅದು ಮಾಮೂಲು. ಹಸಿರು ನೀರು, ರಕ್ತ, ನೊರೆ ಇವು ಮಾಮೂಲಲ್ಲ.

ಡಬ್ಬ ರೆಡಿ ಇರಲಿ

ರಾತ್ರಿ ಹತ್ತಕ್ಕೆ ಮುಂಗುಸಿ ಬಂದಾಗ ಮೆಡಿಕಲ್ ಶಾಪ್ ಹುಡುಕಲು ಆಗಲ್ಲ. ಒಂದು ಹಳೇ ಬಿಸ್ಕತ್ ಡಬ್ಬದಲ್ಲಿ ಇಷ್ಟು ಇಟ್ಟಿರಿ: ಬೆಟಾಡಿನ್ ದ್ರಾವಣ, ಸಲೈನ್ ಬಾಟಲಿ, ಗಾಜ್ ಬಟ್ಟೆ, ಪೇಪರ್ ಟೇಪ್, ಸೂಜಿ ಇಲ್ಲದ 5 ಎಂಎಲ್ ಸಿರಿಂಜ್, ಚಿಮುಟ, ಕೈಗವಸು, ಟಾರ್ಚ್, ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್ ಉಪ್ಪು), ಜೇನುತುಪ್ಪದ ಸಣ್ಣ ಶೀಸೆ. ಸಲೈನ್ ಇಲ್ಲದಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು. ಇದೇ ಗಾಯಕ್ಕೂ ಆಗುತ್ತದೆ, ಕಣ್ಣು ತೊಳೆಯಲೂ ಆಗುತ್ತದೆ.

ಮನುಷ್ಯರ ನೋವಿನ ಮಾತ್ರೆ ಬೇಡ. ಉಳಿದ ಆಂಟಿಬಯೋಟಿಕ್ ಅರ್ಧ ಮಾತ್ರೆ ಪುಡಿ ಮಾಡಿ ಹಾಕುವ ಅಭ್ಯಾಸ ತುಂಬಾ ಜನಕ್ಕಿದೆ. ಅದೂ ಬೇಡ. ಅದು ಮೊಟ್ಟೆಯ ಮೂಲಕ ನಿಮ್ಮ ಮಗುವಿನ ಆಮ್ಲೆಟ್‌ಗೆ ಬರುತ್ತದೆ.

ಮೊದಲ ಅರ್ಧ ಗಂಟೆ

ಏನಾಗಿದೆ ಅಂತ ತಿಳಿಯದಿದ್ದರೂ ಮೂರು ಕೆಲಸ ಮಾಡಬಹುದು. ಬೇರೆ ಮಾಡಿ, ಬೆಚ್ಚಗಿಡಿ, ನೀರು ಕೊಡಿ. ಎಷ್ಟೋ ಕೋಳಿ ಇಷ್ಟರಲ್ಲೇ ಚೇತರಿಸಿಕೊಂಡಿದ್ದನ್ನು ನೋಡಿದ್ದೇನೆ.

ಹಿಡಿಯುವುದು ಹೇಗೆ? ಹಳೇ ಟವೆಲ್ ಮೇಲೆ ಹಾಕಿ, ಎರಡೂ ರೆಕ್ಕೆ ಮೈಗೆ ಸೇರಿಸಿ ಎತ್ತಿಕೊಳ್ಳಿ. ಎದೆ ಒತ್ತಬೇಡಿ. ನಮಗಿರುವಂಥ ವಪೆ, ಅಂದರೆ ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು, ಕೋಳಿಗೆ ಇಲ್ಲ. ಎದೆಗೂಡು ಹಿಂದೆ ಮುಂದೆ ಆಡಿದರೇ ಉಸಿರು. ಗಟ್ಟಿಯಾಗಿ ತಬ್ಬಿಕೊಂಡರೆ ಉಸಿರೇ ನಿಲ್ಲುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ.

ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಪೇಪರ್ ಹಾಸಿ, ಮನೆಯೊಳಗೆ ಮಬ್ಬು ಬೆಳಕಿನ ಜಾಗದಲ್ಲಿಡಿ. ಕೋಳಿಯ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರುತ್ತದೆ. ಕಾಯಿಲೆ ಬಿದ್ದಾಗ ಆ ಬಿಸಿ ಉಳಿಸಿಕೊಳ್ಳುವುದಕ್ಕೇ ಶಕ್ತಿಯೆಲ್ಲ ಖರ್ಚಾಗುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪೆಟ್ಟಿಗೆಯ ಒಂದು ಮೂಲೆಗೆ ಇಡಿ. ಸೆಕೆ ಆದರೆ ಅದು ಇನ್ನೊಂದು ಮೂಲೆಗೆ ಸರಿಯಲು ಜಾಗ ಇರಬೇಕು. ಏಪ್ರಿಲ್ ಮಧ್ಯಾಹ್ನದಲ್ಲಿ ಇದು ಬೇಕಿಲ್ಲ, ಅದು ಹೇಳಬೇಕಾಗಿಲ್ಲ ಅಲ್ವಾ.

ನೀರಿಗೆ: ಒಂದು ಲೀಟರ್ ಕುಡಿಯುವ ನೀರು, ಒಂದು ದೊಡ್ಡ ಚಮಚ ಬೆಲ್ಲ ಅಥವಾ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ. ಪಕ್ಕದಲ್ಲಿ ಬರೀ ನೀರೂ ಇರಲಿ. ಐದಾರು ಗಂಟೆಗೊಮ್ಮೆ ಚೆಲ್ಲಿ ಹೊಸದು ಮಾಡಿ. ಒಂದೆರಡು ದಿನಕ್ಕಿಂತ ಜಾಸ್ತಿ ಕೊಡಬೇಡಿ. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಮುಟ್ಟಿಸಿ, ಅದೇ ನುಂಗಲಿ. ಬಾಯಿ ಅಗಲಿಸಿ ಸಿರಿಂಜ್ ಒತ್ತಬೇಡಿ. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ನೀರು ನೇರವಾಗಿ ಅಲ್ಲಿಗೆ ಹೋಗುತ್ತದೆ.

ನಾಯಿ, ಬೆಕ್ಕು, ಮುಂಗುಸಿ, ಹದ್ದು

ನಮ್ಮ ಕಡೆ ಕೋಳಿ ಸಾಯುವುದು ಕಾಯಿಲೆಯಿಂದ ಕಡಿಮೆ, ಹಲ್ಲಿನಿಂದ ಜಾಸ್ತಿ. ಮೊದಲು ರಕ್ತ ನಿಲ್ಲಿಸಿ. ಸ್ವಚ್ಛ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಉಗುರು ಮುರಿದಿದ್ದರೆ ಕಾರ್ನ್‌ಫ್ಲೋರ್ ಅಥವಾ ಅರಿಶಿನ ಒತ್ತಿದರೆ ರಕ್ತ ನಿಲ್ಲುತ್ತದೆ. ಜುಟ್ಟಿಗೆ ಏಟಾದರೆ ಕೊಲೆ ನಡೆದ ಹಾಗೆ ರಕ್ತ ಚಿಮ್ಮುತ್ತದೆ, ಆದರೆ ಒತ್ತಿದರೆ ನಿಂತುಹೋಗುತ್ತದೆ.

ಆಮೇಲೆ ಪುಕ್ಕ ಸರಿಸಿ ಮೈಯೆಲ್ಲ ಹುಡುಕಿ. ಇದನ್ನೇ ಎಲ್ಲರೂ ಬಿಡುವುದು. ಮೇಲೆ ಒಂದೇ ಗಾಯ ಕಾಣುತ್ತದೆ, ರೆಕ್ಕೆಯ ಕೆಳಗೆ, ಬೆನ್ನಿನ ಹಿಂದೆ ಹಲ್ಲಿನ ಸಣ್ಣ ತೂತು ಇರುತ್ತದೆ. ಗಾಯದ ಸುತ್ತ ಅರ್ಧ ಇಂಚು ಪುಕ್ಕ ಕತ್ತರಿಸಿ. ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಸಿರಿಂಜಿನಲ್ಲಿ ಸಲೈನ್ ತುಂಬಿ, ಕೊಳೆ ಹೋಗಿ ಕೆಂಪು ಮಾಂಸ ಕಾಣುವವರೆಗೆ ಚಿಮ್ಮಿಸಿ ತೊಳೆಯಿರಿ. ಬೆಟಾಡಿನ್ ಅನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಒಂದು ಸಲ ಹಾಕಿ.

ಇಲ್ಲಿ ನನ್ನ ದೊಡ್ಡ ತಪ್ಪು ಹೇಳಬೇಕು. ಕೆಂಪಿ ಅನ್ನುವ ನಮ್ಮ ಹೇಂಟೆಯ ಬೆನ್ನಿಗೆ ಬೆಕ್ಕು ಬಾಯಿ ಹಾಕಿತ್ತು. ಅತ್ತೆ ಕನಕಪುರದ ಕಡೆಯವರು, ಕೋಳಿ ನಡುವೆಯೇ ಬೆಳೆದವರು. "ಅರಿಶಿನ ಮೆತ್ತಮ್ಮ, ಎಲ್ಲಾ ಸರಿಹೋಗ್ತದೆ" ಅಂದರು. ನಾನು ಹಿಡಿ ತುಂಬ ಒಣ ಅರಿಶಿನ ಒತ್ತಿದೆ. ಮಾರನೇ ದಿನ ಅದು ಒಣಗಿ ಹಪ್ಪಳದ ಥರ ಗಟ್ಟಿಯಾಯಿತು. ನೋಡಲು ಚೆನ್ನಾಗೇ ಇತ್ತು. ಮೂರನೇ ದಿನ ಅಂಚು ಎತ್ತಿ ನೋಡಿದರೆ ಕೆಳಗೆ ಕೀವು, ಸುತ್ತ ಚರ್ಮ ಹಸಿರಾಗಿತ್ತು. ಕೋಳಿಗೆ ಏಟು ಬಿದ್ದ ಜಾಗ ಹಸಿರಾಗುವುದು ಮಾಮೂಲು, ಅದು ನಮ್ಮ ಕಂದಿದ ಗಾಯದ ಹಾಗೆ. ಆದರೆ ಕೀವಿನ ವಾಸನೆ ಬೇರೆಯೇ. ಹೆಬ್ಬಾಳದ ಪಶು ಆಸ್ಪತ್ರೆಗೆ ಓಡಬೇಕಾಯಿತು.

ತೊಳೆಯದ ಗಾಯದ ಮೇಲೆ ಒಣ ಪುಡಿ ಮೆತ್ತಿದ್ದು ನನ್ನ ತಪ್ಪು, ಪಾಪ ಅರಿಶಿನ ಏನು ಮಾಡುತ್ತದೆ. ಈಗ ಹೀಗೆ ಮಾಡುತ್ತೇನೆ. ತೊಳೆದು ಒರೆಸಿದ ಗಾಯಕ್ಕೆ ಜೇನುತುಪ್ಪ ತೆಳ್ಳಗೆ ಹಚ್ಚುತ್ತೇನೆ. ಬೇಕಾದರೆ ಅದರಲ್ಲೇ ಚಿಟಿಕೆ ಅರಿಶಿನ. ಸಿಹಿಯ ಅಂಶ ಗಾಯದ ನೀರು ಎಳೆದುಕೊಳ್ಳುತ್ತದೆ, ಕೀಟಾಣು ಬೆಳೆಯಲು ಬಿಡುವುದಿಲ್ಲ. ಮೇಲೆ ಗಾಜ್, ಪೇಪರ್ ಟೇಪ್. ದಿನಕ್ಕೆರಡು ಸಲ ಬಿಚ್ಚಿ, ತೊಳೆದು, ಹೊಸದಾಗಿ ಹಚ್ಚಬೇಕು. ಜೇನು ಹಚ್ಚಿ ಹೊರಗೆ ಬಿಟ್ಟರೆ ಇರುವೆ ಮುತ್ತುತ್ತದೆ, ನೆನಪಿರಲಿ.

ಮೂರ್ನಾಲ್ಕು ದಿನದ ಮೇಲೆ ಗಾಯ ಒಣಗುತ್ತಾ ಬಂದಾಗ ಎಣ್ಣೆ ಪಾಕ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ದನದ ಗಾಯಕ್ಕೆ ಹೇಳಿಕೊಡುವ ಪಾಕ ಇದು: ಕುಪ್ಪಿಗಿಡ, ಬೇವು, ತುಳಸಿ, ಗೋರಂಟಿ ಎಲೆ, ಬೆಳ್ಳುಳ್ಳಿ, ಅರಿಶಿನ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುವುದು. ಕುಪ್ಪಿಗಿಡ ನಮ್ಮ ಖಾಲಿ ಸೈಟುಗಳಲ್ಲಿ ಕಳೆಯ ಥರ ಬೆಳೆದಿರುತ್ತದೆ. ಕೋಳಿಗೆ ಇದನ್ನು ಸೋಸಿ, ಗಾಯದ ಮೇಲಷ್ಟೇ, ಬೆರಳ ತುದಿಯಷ್ಟು. ಪುಕ್ಕಕ್ಕೆಲ್ಲ ಎಣ್ಣೆ ಬಳಿದರೆ ಅದರ ಮೈ ಬೆಚ್ಚಗೆ ಉಳಿಯಲ್ಲ.

ಬೆಕ್ಕಿನ ಹಲ್ಲು ಊರಿದ್ದರೆ, ಗಾಯ ಹೊಟ್ಟೆಯವರೆಗೆ ಹೋಗಿದ್ದರೆ, ಮೂಳೆ ಮುರಿದಿದ್ದರೆ ಈ ಯಾವುದನ್ನೂ ನಂಬಿ ಕೂರಬೇಡಿ. ತೊಳೆದು, ಬೆಚ್ಚಗೆ ಪೆಟ್ಟಿಗೆಯಲ್ಲಿಟ್ಟು ಡಾಕ್ಟರ್ ಹತ್ತಿರ ಹೋಗಿ. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ರಕ್ತಕ್ಕೆ ಸೇರಿ ಕೋಳಿಯನ್ನು ಕೊಲ್ಲಬಹುದು.

ಹುಳ ಬಿದ್ದರೆ

ಮಳೆಗಾಲದಲ್ಲಿ ನೊಣ ಗಾಯದ ಮೇಲೆ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ. ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಮೆತ್ತಿಕೊಂಡಿದ್ದರೂ ಬೀಳುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು ಚಿಮುಟದಲ್ಲಿ ಒಂದೊಂದೇ ತೆಗೆಯಬೇಕು. ಒಳಗೆ ಸೇರಿಕೊಂಡಿದ್ದರೆ ಸೀತಾಫಲದ ಎಲೆ ಅರೆದು ಅರ್ಧ ಗಂಟೆ ಇಟ್ಟು ತೊಳೆಯಿರಿ, ಹೊರಗೆ ಬರುತ್ತವೆ. ಕಣ್ಣಿಗೆ ತಾಗಬಾರದು. ಬೀಜವಂತೂ ಬೇಡವೇ ಬೇಡ, ಅದು ಕಣ್ಣು ಕೆಡಿಸುತ್ತದೆ. ಸಂಜೆ ಮತ್ತೆ ನೋಡಿ, ಒಂದೆರಡು ಉಳಿದೇ ಇರುತ್ತವೆ.

ಮೊಟ್ಟೆ ಸಿಕ್ಕಿಕೊಂಡರೆ

ಹೇಂಟೆ ಪದೇಪದೇ ಮೊಟ್ಟೆ ಬುಟ್ಟಿಗೆ ಹೋಗಿ ಬರುತ್ತದೆ, ಮೊಟ್ಟೆ ಇಲ್ಲ. ಮೈ ನೆಟ್ಟಗೆ ಎತ್ತಿ ನಿಂತು ತಿಣುಕುತ್ತದೆ, ಬಾಲ ಮೇಲೆ ಕೆಳಗೆ ಆಡುತ್ತದೆ. ಬೇಸಿಗೆಯಲ್ಲಿ, ಮೊದಲ ಸಲ ಮೊಟ್ಟೆಯಿಡುವ ಪ್ರಾಯದ ಕೋಳಿಯಲ್ಲಿ, ಸುಣ್ಣದ ಅಂಶ ಕಡಿಮೆ ಇದ್ದಾಗ ಹೀಗಾಗುತ್ತದೆ.

ಟಬ್ಬಿಗೆ ಬೆಚ್ಚಗಿನ ನೀರು ಹಾಕಿ. ಮಗುವಿನ ಸ್ನಾನಕ್ಕೆ ಮೊಣಕೈ ಇಟ್ಟು ನೋಡುತ್ತೀರಲ್ಲ, ಅಷ್ಟೇ ಬಿಸಿ. ಹಿಡಿ ಎಪ್ಸಮ್ ಸಾಲ್ಟ್ ಬೆರೆಸಿ. ಕೋಳಿಯ ಹೊಟ್ಟೆ ಮುಳುಗುವ ಹಾಗೆ ಇಪ್ಪತ್ತು ನಿಮಿಷ ಕೂರಿಸಿ, ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಿ. ಮೊದಲು ಒದ್ದಾಡುತ್ತದೆ, ಎರಡು ನಿಮಿಷಕ್ಕೆ ಸುಮ್ಮನಾಗಿ ಕಣ್ಣು ಮುಚ್ಚಿಬಿಡುತ್ತದೆ. ನಮ್ಮ ಬೆಳ್ಳಿ ಅಂತೂ ನನ್ನ ಕೈ ಮೇಲೆ ತಲೆಯಿಟ್ಟು ನಿದ್ದೆಯೇ ಮಾಡಿತು. ಆಮೇಲೆ ಚೆನ್ನಾಗಿ ಒರೆಸಿ, ಮೊಟ್ಟೆ ಬರುವ ಜಾಗದ ಸುತ್ತ ಕೊಬ್ಬರಿ ಎಣ್ಣೆ ಸವರಿ, ಕತ್ತಲೆ ಪೆಟ್ಟಿಗೆಯಲ್ಲಿ ಬೆಚ್ಚಗೆ ಬಿಡಿ. ಎರಡು ಗಂಟೆ ಬಿಟ್ಟು ಇನ್ನೊಂದು ಸಲ.

ಹೊಟ್ಟೆ ಒತ್ತಿ ಮೊಟ್ಟೆ ತೆಗೆಯಲು ಹೋಗಬೇಡಿ. ಒಳಗೆ ಒಡೆದರೆ ಸಿಪ್ಪೆ ಕೊಯ್ದು ನಂಜಾಗುತ್ತದೆ. ಅರ್ಧ ದಿನದಲ್ಲಿ ಬರದಿದ್ದರೆ ಡಾಕ್ಟರ್. ಅವರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಾರೆ.

ಮೊಟ್ಟೆಯ ಜೊತೆಗೆ ಕೆಂಪು ಮಾಂಸ ಹೊರಗೆ ಬಂದಿದ್ದರೆ ಸಲೈನಿನಲ್ಲಿ ತೊಳೆದು, ಸಕ್ಕರೆ ಕಲಸಿದ ನೀರಿನ ಗಟ್ಟಿ ಪೇಸ್ಟ್ ಹಚ್ಚಿ. ಊತ ಇಳಿಯುತ್ತದೆ. ಕೈಗವಸು ಹಾಕಿ ಮೆಲ್ಲಗೆ ಒಳಗೆ ಸೇರಿಸಿ. ತಕ್ಷಣ ಬೇರೆ ಮಾಡಿ, ಇಲ್ಲದಿದ್ದರೆ ಉಳಿದವು ಕುಕ್ಕಿ ಕರುಳನ್ನೇ ಎಳೆದುಬಿಡುತ್ತವೆ.

ಇದೆಲ್ಲ ಬರದಿರಲಿ ಅಂದರೆ ಮೊಟ್ಟೆ ಸಿಪ್ಪೆಯನ್ನು ಹಂಚಿನ ಮೇಲೆ ಹುರಿದು ಪುಡಿ ಮಾಡಿ ಬೇರೆ ಬಟ್ಟಲಲ್ಲಿಡಿ. ಕಾಳಿಗೆ ಬೆರೆಸಬೇಡಿ, ಬೇಕಾದವರು ಬೇಕಾದಷ್ಟು ತಿನ್ನಲಿ.

ಕತ್ತಿನ ಬುಡದ ಚೀಲ

ತಿಂದ ಕಾಳು ಮೊದಲು ಸೇರುವುದು ಎದೆಯ ಬಲಗಡೆ ಇರುವ ಚೀಲಕ್ಕೆ. ಸಂಜೆ ಉಬ್ಬಿರುತ್ತದೆ, ಬೆಳಗ್ಗೆ ಖಾಲಿ ಆಗಿರಬೇಕು. ಬೆಳಗ್ಗೆಯೂ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಹುಲ್ಲೋ, ಪ್ಲಾಸ್ಟಿಕ್ಕೋ ಸಿಕ್ಕಿಕೊಂಡಿದೆ. ಕಾಳು ನಿಲ್ಲಿಸಿ. ಚಿಕ್ಕ ಚಮಚ ಕೊಬ್ಬರಿ ಎಣ್ಣೆಯನ್ನು ಫ್ರಿಜ್ಜಲ್ಲಿ ಗಟ್ಟಿ ಮಾಡಿ ಸಣ್ಣ ಗುಂಡು ಕಟ್ಟಿ ನುಂಗಿಸಿ, ನೀರು ಕುಡಿಸಿ, ಹಿಟ್ಟು ನಾದುವ ಹಾಗೆ ಮೆತ್ತಗೆ ಐದೈದು ನಿಮಿಷ ನಾಲ್ಕು ಸಲ ಉಜ್ಜಿ. ನೀರು ತುಂಬಿದ ಬಲೂನಿನ ಹಾಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಬೂಷ್ಟು ಬೆಳೆದಿದೆ, ಅದಕ್ಕೆ ಔಷಧಿಯೇ ಬೇಕು. ತಲೆಕೆಳಗೆ ಹಿಡಿದು ವಾಂತಿ ಮಾಡಿಸುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಹಾಗೆ ಮಾಡಿದರೆ ನೀರು ಶ್ವಾಸಕೋಶಕ್ಕೆ ಹೋಗಿ ಕೈಯಲ್ಲೇ ಪ್ರಾಣ ಬಿಡಬಹುದು.

ಕಾಲು, ಹೇನು

ಕಾಲಿನ ಹುರುಪೆ ಎದ್ದು ನಿಂತು ಸುಣ್ಣ ಬಳಿದ ಹಾಗೆ ದಪ್ಪ ಆಗಿದ್ದರೆ ಅದು ಹುರುಪೆಯ ಕೆಳಗೆ ಬಿಲ ಕೊರೆಯುವ ನುಸಿ. ಹಳ್ಳಿಯಲ್ಲಿ ಕಾಲನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದರು. ಚರ್ಮ ಸುಟ್ಟುಹೋಗುತ್ತದೆ, ಬೇಡ. ಬೆಚ್ಚಗಿನ ಸೋಪಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಮೆತ್ತಗೆ ಉಜ್ಜಿ, ಒರೆಸಿ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ನುಸಿಗೆ ಉಸಿರು ಕಟ್ಟುತ್ತದೆ. ಎರಡು ದಿನಕ್ಕೊಮ್ಮೆ, ಮೂರ್ನಾಲ್ಕು ವಾರ. ಬೇಜಾರಿನ ಕೆಲಸ, ಆದರೆ ವಾಸಿಯಾಗುತ್ತದೆ.

ಪಾದದ ಅಡಿಯಲ್ಲಿ ಕಪ್ಪು ಹೆಕ್ಕಳೆ, ಸುತ್ತ ಊತ ಇದ್ದರೆ ದಿನಕ್ಕೆರಡು ಸಲ ಎಪ್ಸಮ್ ಸಾಲ್ಟ್ ನೀರಲ್ಲಿ ಕಾಲು ನೆನೆಸಿ, ಬೆಟಾಡಿನ್ ಹಾಕಿ ಕಟ್ಟಿ. ನೀವೇ ಬ್ಲೇಡ್ ಹಿಡಿಯಬೇಡಿ. ಅಡ್ಡಕೋಲು ತುಂಬಾ ಎತ್ತರವಿದ್ದು ಕೆಳಗೆ ಸಿಮೆಂಟ್ ನೆಲ ಇದ್ದರೆ ಇದು ಮತ್ತೆ ಬರುತ್ತದೆ.

ಹೇನಿಗೆ ಕೋಳಿಯೇ ವೈದ್ಯ. ಹಳೇ ಟೈರಿನೊಳಗೆ ಒಣ ಮಣ್ಣು, ಸೋಸಿದ ಸೌದೆ ಬೂದಿ, ಒಣಗಿಸಿದ ಬೇವಿನೆಲೆ ಪುಡಿ ಹಾಕಿಡಿ. ಮಧ್ಯಾಹ್ನ ಹೊರಳಾಡುತ್ತವೆ. ಇನ್ನೊಂದು ಕೆಂಪು ನುಸಿ ಇದೆ, ಅದು ಹಗಲು ಗೂಡಿನ ಸಂದಿಯಲ್ಲಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ರಾತ್ರಿ ಬಿಳಿ ಬಟ್ಟೆಯನ್ನು ಅಡ್ಡಕೋಲಿನ ಕೆಳಗೆ ಒರೆಸಿ ನೋಡಿ, ಕೆಂಪು ಗೆರೆ ಬಂದರೆ ಗೂಡನ್ನೇ ಕುದಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು.

ಬೇಸಿಗೆ, ಮಳೆ

2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ ಉಷ್ಣಾಂಶ 39 ಡಿಗ್ರಿ ದಾಟಿತ್ತು. ಕೋಳಿ ಬೆವರುವುದಿಲ್ಲ. ಬಾಯಿ ತೆಗೆದು ಏದುಸಿರು, ರೆಕ್ಕೆ ಮೈಯಿಂದ ದೂರ ಇಳಿಬಿಟ್ಟಿದ್ದರೆ ನೆರಳಿಗೆ ತಂದು ಕಾಲುಗಳನ್ನು ನಲ್ಲಿ ನೀರಲ್ಲಿ ನಿಲ್ಲಿಸಿ, ರೆಕ್ಕೆಯ ಅಡಿಗೆ ನೀರು ಸವರಿ. ಐಸ್ ನೀರು ಸುರಿಯಬೇಡಿ. ತಾರಸಿಯ ಶೀಟಿನ ಗೂಡಿಗೆ ಒದ್ದೆ ಗೋಣಿ ಚೀಲ ಹೊದಿಸಿ, ಕಲ್ಲಂಗಡಿ ಸಿಪ್ಪೆ ಹಾಕಿ.

ಮಳೆ ಶುರುವಾದರೆ ಸೊಳ್ಳೆ, ಸೊಳ್ಳೆಯ ಹಿಂದೆ ಸಿಡುಬು. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಗಂಟುಗಳು. ಅವನ್ನು ಕೀಳಬೇಡಿ. ಬೇವು, ಅರಿಶಿನ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಣ್ಣಿಗೆ ತಾಗದ ಹಾಗೆ ಹಚ್ಚಿದರೆ ನೊಣ ದೂರ, ಹುರುಪೆ ಮೆತ್ತಗೆ. ಮೂರ್ನಾಲ್ಕು ವಾರಕ್ಕೆ ತಾನೇ ಉದುರುತ್ತದೆ. ಬಾಯೊಳಗೆ ಗಂಟು ಎದ್ದರೆ ಡಾಕ್ಟರ್.

ಅಡುಗೆಮನೆ ಕೆಲಸಕ್ಕೆ ಬಾರದ ಕಡೆ

ಬೆಳ್ಳುಳ್ಳಿ ಜಜ್ಜಿದ ನೀರು, ಶುಂಠಿ, ಪಪ್ಪಾಯ ಬೀಜ ಇವನ್ನೆಲ್ಲ ಸ್ವಲ್ಪ ಕೊಟ್ಟರೆ ತೊಂದರೆಯಿಲ್ಲ. ಆದರೆ ಅದನ್ನೇ ಚಿಕಿತ್ಸೆ ಅಂದುಕೊಂಡರೆ ದಿನ ಹಾಳು. ಮರಿಗಳು ರಕ್ತ ಬೆರೆತ ಹಿಕ್ಕೆ ಹಾಕಿದರೆ ಡಾಕ್ಟರ್ ಬರೆದುಕೊಡುವ ಔಷಧಿ ಬೇಕು, ಹಾಸು ಒಣಗಿಸಬೇಕು. ಉಸಿರಾಡುವಾಗ ಗೊರಗೊರ ಸದ್ದು, ಹಸಿರು ಭೇದಿ, ಕತ್ತು ತಿರುಚಿಕೊಂಡು ಹಿಂದಕ್ಕೆ ನಡೆಯುವುದು ಇದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಇದಕ್ಕೆ ಔಷಧಿಯೇ ಇಲ್ಲ, ಲಸಿಕೆ ಮಾತ್ರ. ಮರಿಗೆ ಒಂದು ವಾರ ತುಂಬುವ ಮೊದಲು ಕಣ್ಣಿಗೆ ಹನಿ, ಆಮೇಲೆ ಡಾಕ್ಟರ್ ಹೇಳಿದ ವಯಸ್ಸಿಗೆ ಮತ್ತೆ. ಶೀಸೆ ದೊಡ್ಡದು, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಕೋಳಿ ಸಾಕುವ ನಾಲ್ಕು ಮನೆಯವರು ಒಂದೇ ದಿನ ಹಾಕಿಸಿ. ಐಸ್ ತುಂಬಿದ ಫ್ಲಾಸ್ಕ್‌ನಲ್ಲಿ ತನ್ನಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೋಳಿ ನೋಡುತ್ತಾರೆ, ಸರ್ಕಾರಿ ಪಶು ಆಸ್ಪತ್ರೆ ಇದೆ, 1962ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಮರೆಯದೆ ಕೇಳಿ.

ಒಂದೇ ದಿನದಲ್ಲಿ ಎರಡು ಮೂರು ಕೋಳಿ ಸತ್ತರೆ, ಮುಖ ಊದಿ ಜುಟ್ಟು ನೀಲಿಯಾಗಿದ್ದರೆ ಬರಿಗೈಲಿ ಮುಟ್ಟಬೇಡಿ, ಕಸದ ಗಾಡಿಗೆ ಹಾಕಬೇಡಿ. ಪಶುಪಾಲನಾ ಇಲಾಖೆಗೆ ತಿಳಿಸಿ. 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲೇ ಹಕ್ಕಿ ಜ್ವರ ಬಂದಿತ್ತು, ನಮಗೆ ದೂರದ ವಿಷಯವೇನಲ್ಲ.

ವಾಪಸ್ ಗುಂಪಿಗೆ

ವಾಸಿಯಾದ ಕೋಳಿಯನ್ನು ಒಮ್ಮೆಗೇ ಬಿಟ್ಟರೆ ಹಳೇ ಗೆಳತಿಯರೇ ಹೊಡೆಯುತ್ತಾರೆ. ಒಂದು ವಾರ ದೂರ ಇದ್ದರೆ ಸಾಕು, ಅವಕ್ಕೆ ಅದು ಹೊಸಬಳು. ಗಾಯ ಪೂರ್ತಿ ಒಣಗಿ ಕೆಂಪು ಕಾಣದ ಹಾಗೆ ಆಗುವವರೆಗೆ ಕಾಯಿರಿ. ಕೆಂಪು ಕಂಡರೆ ಕುಕ್ಕುತ್ತವೆ. ಅಂಗಳದ ನಡುವೆ ಮಂಕರಿ ಕವುಚಿ ಅದರೊಳಗೆ ಎರಡು ದಿನ ಬಿಡಿ. ಉಳಿದವು ಸುತ್ತ ಓಡಾಡಿ ನೋಡಿಕೊಳ್ಳಲಿ. ಮೂರನೇ ದಿನ ಕತ್ತಲಾದ ಮೇಲೆ ಮೆಲ್ಲಗೆ ಎತ್ತಿಕೊಂಡು ಹೋಗಿ ಅಡ್ಡಕೋಲಿನ ಮೇಲೆ ಉಳಿದವುಗಳ ಪಕ್ಕ ಕೂರಿಸಿ. ಮಾರನೇ ಬೆಳಗ್ಗೆ ಸ್ವಲ್ಪ ಬೇಗ ಎದ್ದು, ಕಾಳನ್ನು ಎರಡು ಕಡೆ ಹಾಕಿ, ಬಾಗಿಲು ತೆಗೆದು ಅಲ್ಲೇ ಹತ್ತು ನಿಮಿಷ ನಿಂತಿರಿ.